ಟ್ರ್ಯಾಕಿಗೂ ಹಾನಗಲ್ಲಿಗೂ ಒಂದೇ ಟೈರು

ಮೂರನೇ ಸುತ್ತಿನ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದೆ, ಕಾರಿನ ಮೂತಿ ತಿರುಗಲಿಲ್ಲ. ಸೀದಾ ಹೋಗಿ ಮಣ್ಣಿಗಿಳೀತು. ಕೊಯಮತ್ತೂರು ಹತ್ತಿರದ ಕರಿ ಮೋಟಾರ್ ಸ್ಪೀಡ್‌ವೇ, 2.1 ಕಿ.ಮೀ. ಉದ್ದದ ಟ್ರ್ಯಾಕು. ಆಫೀಸಿನ ಐದಾರು ಮಂದಿ ದುಡ್ಡು ಕಟ್ಟಿ, ದಿನಾ ಓಡಿಸೋ ಕಾರುಗಳನ್ನೇ ತಗೊಂಡು ಹೋಗಿದ್ವಿ. ನನಗೇನೂ ಆಗಲಿಲ್ಲ, ಮಾನ ಮಾತ್ರ ಹೋಯ್ತು.

ಅಲ್ಲಿನ ಇನ್‌ಸ್ಟ್ರಕ್ಟರ್ ಟೈರಿನ ಬದಿಯ ಮೇಲಿದ್ದ ನಾಲ್ಕಂಕಿ ತೋರಿಸಿದರು: 1218. ಅಂದ್ರೆ 2018ರ 12ನೇ ವಾರ ತಯಾರಾದದ್ದು. ಗೀರುಗಳು ಇನ್ನೂ ಆಳ ಇದ್ದವು, ಅದಕ್ಕೇ ನಾನು ಟೈರು ಚಲೋ ಅದಾವ ಅಂದ್ಕೊಂಡಿದ್ದೆ. ಲಾಕ್‌ಡೌನ್ ಕಾಲದಲ್ಲಿ ಊರಿಂದ ಕೆಲಸ ಮಾಡ್ತಿದ್ದಾಗ ಕಾರು ಹಾನಗಲ್ಲಿನ ಮನೆ ಮುಂದೆ ಮಾವಿನ ಗಿಡದ ಕೆಳಗೆ ನಿಂತೇ ಇತ್ತು. ಓಡದಿದ್ರೂ ರಬ್ಬರಿಗೆ ವಯಸ್ಸಾಗ್ತದೆ, ಗಟ್ಟಿಯಾಗ್ತದೆ.

ಆದ್ರೆ ನನ್ನ ಕೈಕಾಲು ತಣ್ಣಗಾದದ್ದು ಬೇರೆ ನೆನಪಿಗೆ. ಹಿಂದಿನ ತಿಂಗಳಷ್ಟೇ ಅವ್ವನ್ನ ಹುಬ್ಬಳ್ಳಿ ಆಸ್ಪತ್ರೆಗೆ ಕರಕೊಂಡು ಹೋಗಿದ್ದೆ. ಶಿಗ್ಗಾಂವಿ ದಾಟಿದ ಮೇಲೆ ಜೋರು ಮಳೆ, ಹೈವೇ, ಸ್ಪೀಡು 100. ಇವೇ ನಾಲ್ಕು ಟೈರು.

ಹೊಸವು ತಗೋಬೇಕು ಅಂದಾಗ ಗೆಳೆಯರೆಲ್ಲ ಸೆಮಿ-ಸ್ಲಿಕ್ ಅಂದ್ರು. ಬಿಸಿಯಾದ ಒಣ ಟ್ರ್ಯಾಕಿನಲ್ಲಿ ಅವು ಅಂಟಿನ ಹಾಗೆ ಹಿಡೀತಾವೆ, ನಿಜ. ಆದ್ರೆ ಗೀರು ಕಡಿಮೆ. ರಸ್ತೆ ಮೇಲೆ ನೀರು ನಿಂತ್ರೆ ಅದು ಹೊರಗೆ ಹೋಗೋಕೆ ದಾರಿ ಇಲ್ಲದೆ ಕಾರು ನೀರಿನ ಮೇಲೇ ತೇಲ್ತದೆ. ಬೇಗ ಸವೀತಾವೆ ಕೂಡ. ವರ್ಷಕ್ಕೆರಡು ಸಲ ಟ್ರ್ಯಾಕಿಗೆ ಹೋಗೋನು, ತಿಂಗಳಿಗೊಮ್ಮೆ ಮುನ್ನೂರೈವತ್ತು ಕಿ.ಮೀ. ದಾಟಿ ಊರಿಗೆ ಹೋಗೋನು. ಎರಡು ಸೆಟ್ ಇಡೋಕೆ ಬಾಡಿಗೆ ಮನೇಲಿ ಜಾಗ ಎಲ್ಲಿದೆ?

ಕೊನೆಗೆ ಪರ್ಫಾರ್ಮೆನ್ಸ್ ಸಮ್ಮರ್ ಟೈರು ಆರಿಸಿದೆ. ಅಳತೆ ಕಂಪನಿ ಕೊಟ್ಟದ್ದೇ, 195/55 R16. ಅಗಲ ಜಾಸ್ತಿ ಮಾಡೋ ಆಸೆ ಇತ್ತು. ಆದ್ರೆ ನನ್ನ ಸಣ್ಣ ಇಂಜಿನ್ನಿಗೆ ಭಾರದ ಗಾಲಿ ತಿರುಗಿಸೋದೇ ಒಂದು ಕೆಲಸ ಆಗ್ತಿತ್ತು. ಅಳತೆಯ ಮುಂದಿನ 87V ಅನ್ನೂ ನೋಡಿ: 87 ಅಂದ್ರೆ ಒಂದು ಟೈರು 545 ಕಿಲೋ ಹೊರ್ತದೆ, V ಅಂದ್ರೆ ಗಂಟೆಗೆ 240 ಕಿ.ಮೀ. ತನಕದ್ದು. ಕಂಪನಿ ಹೇಳಿದ್ದಕ್ಕಿಂತ ಕೆಳಗಿನದು ಹಾಕಿಸಬೇಡಿ, ಅಂಗಡಿಯವರು ಎಷ್ಟೇ ಡಿಸ್ಕೌಂಟ್ ಕೊಡಲಿ.

ಶಿಗ್ಗಾಂವಿಯ ಟೈರ್ ಅಂಗಡಿ ಕಾಕಾ ಸ್ಟಾಕಿನಲ್ಲಿದ್ದ ಎರಡನ್ನ ತಾವೇ ಬದಿಗಿಟ್ರು. “ಇವು ಎರಡು ವರ್ಷದ ಹಿಂದಿನವು ತಮ್ಮಾ, ನಾಡಿದ್ದು ಬಾ, ಹೊಸಾವು ತರಿಸ್ತೀನಿ.” ನಾನು ಕೇಳೋಕೆ ಮೊದಲೇ ಹೇಳಿದ್ರು. ನಾಲ್ಕಕ್ಕೆ ಮೂವತ್ತೈದು ಸಾವಿರದ ಹತ್ರ ಆಯ್ತು.

ಬಿಲ್ ನೋಡಿದ ಅಪ್ಪ ಬೈತಾರೆ ಅಂದ್ಕೊಂಡಿದ್ದೆ. ಬೈದರು, ಆದ್ರೆ ದುಡ್ಡಿಗಲ್ಲ. “ಗಾಡಾ ಓಟಕ್ಕ ಹೋಗೋ ಎತ್ತಿನ ಗೊರಸು ನೋಡಲಾರದ ಯಾರರ ಕಣಕ್ಕ ಇಳಸ್ತಾರೇನು? ನೀ ಇಷ್ಟು ಓದಿ, ಹಂಗ ಹೋಗಿದ್ದೇನು?”

ಹೊಸ ಟೈರನ್ನ ನೇರ ಟ್ರ್ಯಾಕಿಗೆ ಒಯ್ಯಬಾರದು, ಮೊದಲು ಕೆಲವು ನೂರು ಕಿ.ಮೀ. ಸಮಾಧಾನದಿಂದ ಓಡಿಸಬೇಕು. ಹಾಗಾಗಿ ಸವಣೂರಿಗೆ ಹೋಗಿ ಖಾರಾ ಕಟ್ಟಿಸಿಕೊಂಡೆ, ಹಿರೇಕೆರೂರಿನ ಅಕ್ಕನ ಮನೆಗೆ ಎರಡು ಸಲ ಹೋಗಿ ಬಂದೆ. ಅಕ್ಕನಿಗೆ ತಮ್ಮನ ಪ್ರೀತಿ ಹೆಚ್ಚಾಗಿದೆ ಅನ್ನಿಸಿರಬೇಕು.

ಮತ್ತೆ ಕೊಯಮತ್ತೂರಿಗೆ ಹೋದಾಗ ಹವಾ ಬಗ್ಗೆ ಕಲಿತೆ. ಬೆಳಿಗ್ಗೆ ತಣ್ಣಗಿದ್ದಾಗ 33 ಇದ್ದದ್ದು ನಾಲ್ಕು ಸುತ್ತಿಗೆ 40 ಆಯ್ತು. ಹವಾ ಉಬ್ಬಿದ ಟೈರು ನಡುವೆ ಮಾತ್ರ ನೆಲ ಮುಟ್ತದೆ, ಹಿಡಿತ ತಪ್ತದೆ. ಪ್ರತಿ ಸಲ ಪಿಟ್‌ಗೆ ಬಂದ ಕೂಡಲೇ ಗೇಜ್ ಹಚ್ಚಿ ಸ್ವಲ್ಪ ಸ್ವಲ್ಪ ಬಿಟ್ಟೆ. ಸಂಜೆ ಟೈರು ತಣ್ಣಗಾದ ಮೇಲೆ ನೋಡಿದ್ರೆ ಬರೀ 27. ಅಷ್ಟರಲ್ಲೇ ಹೈವೇ ಹತ್ತಿದ್ರೆ ಟೈರಿನ ಬದಿ ಮಡಚಿ ಮಡಚಿ ಕಾದು ಒಡೆಯೋ ಅಪಾಯ ಇರ್ತದೆ. ಪಂಪ್ ಡಿಕ್ಕಿಯಲ್ಲೇ ಇತ್ತು. ಪುನಃ 33 ತುಂಬಿಸಿ, “ಹೊಂಟೀನಿ” ಅಂತ ಅವ್ವನಿಗೆ ಫೋನ್ ಮಾಡಿದೆ.