ಉಪವಾಸ ಮುರಿಯುವುದು ಮನಸ್ಸೋ, ವಂಶವಾಹಿಯೋ?

ದಿನದ 16 ಗಂಟೆ ಉಪವಾಸ, ಉಳಿದ 8 ಗಂಟೆಯೊಳಗೆ ಊಟ. ‘ಇಂಟರ್‌ಮಿಟೆಂಟ್ ಫಾಸ್ಟಿಂಗ್’ ಎಂಬ ಹೆಸರಿನಲ್ಲಿ ನಗರವಾಸಿಗಳ ನಡುವೆ ಹಬ್ಬಿರುವ ಈ ಪದ್ಧತಿಯನ್ನು ಒಂದೇ ಮನೆಯ ಇಬ್ಬರು ಒಂದೇ ದಿನ ಆರಂಭಿಸಿದರೂ ಅನುಭವ ಒಂದೇ ಆಗಿರುವುದಿಲ್ಲ. ಒಬ್ಬರಿಗೆ ಬೆಳಗಿನ ತಿಂಡಿಯ ನೆನಪೇ ಬಾರದು. ಇನ್ನೊಬ್ಬರ ವ್ರತಭಂಗಕ್ಕೆ ಒಗ್ಗರಣೆಯ ವಾಸನೆಯೇ ಸಾಕು. ಎರಡನೆಯವರಿಗೆ ‘ಬಾಯಿಚಪಲ’ದ ಹಣೆಪಟ್ಟಿ ಕಟ್ಟುವುದು ರೂಢಿ. ಆ ಹಣೆಪಟ್ಟಿ ನ್ಯಾಯವಲ್ಲವೆಂದು ಕಳೆದ ಎರಡು ದಶಕಗಳ ಸಂಶೋಧನೆಗಳು ತೋರಿಸಿವೆ. ಅದೇ ಸಂಶೋಧನೆಗಳ ಹೆಸರಿನಲ್ಲಿ ನಡೆದಿರುವ ವ್ಯಾಪಾರಕ್ಕೆ ಮಾತ್ರ ಅವುಗಳ ಬೆಂಬಲವಿಲ್ಲ.

ಇಳಿಯದ ಹಸಿವು

ಹೊಟ್ಟೆ ಖಾಲಿಯಾದಾಗ ಜಠರದಿಂದ ಹೊರಡುವ ಗ್ರೆಲಿನ್ ಎಂಬ ಹಾರ್ಮೋನು ಮಿದುಳಿಗೆ ಹಸಿವಿನ ಸಂದೇಶ ಒಯ್ಯುತ್ತದೆ. ಉಂಡ ಬಳಿಕ ಅದರ ಪ್ರಮಾಣ ಇಳಿಯಬೇಕು. ಆದರೆ ಎಲ್ಲರಲ್ಲಿಯೂ ಅದು ಸಮನಾಗಿ ಇಳಿಯುವುದಿಲ್ಲ.

ಎಫ್‌ಟಿಒ ಎಂಬ ವಂಶವಾಹಿಯ ಒಂದು ರೂಪಭೇದವನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದವರು ಇತರರಿಗಿಂತ ಸರಾಸರಿ 3 ಕಿಲೋ ಹೆಚ್ಚು ತೂಗುತ್ತಾರೆಂದು ಬ್ರಿಟನ್ನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಯುರೋಪ್ ಮೂಲದ ವಯಸ್ಕರಲ್ಲಿ ಇಂಥವರು ಸುಮಾರು ಶೇ. 16ರಷ್ಟಿದ್ದಾರೆ. ಇಂತಹ ಪುರುಷರಲ್ಲಿ ಊಟದ ನಂತರವೂ ಗ್ರೆಲಿನ್ ಸಾಕಷ್ಟು ಇಳಿಯದೆಂದು 2013ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ತಂಡ ತೋರಿಸಿತು. ಉಂಡಾಗಲೂ ಹಸಿವು ಪೂರ್ತಿ ಅಡಗದವರಿಗೆ 16 ಗಂಟೆಯ ಉಪವಾಸ ಇತರರಿಗಿಂತ ಕಠಿಣವಾದರೆ ಅಚ್ಚರಿಯಿಲ್ಲ.

ಕುರ್ಮಾ ಹೇಳಿದ ಸತ್ಯ

ಹಸಿವು ಎಷ್ಟು ಎಂಬುದಷ್ಟೇ ಅಲ್ಲ, ಯಾವುದರ ಮೇಲೆ ಎಂಬುದರಲ್ಲಿಯೂ ವಂಶವಾಹಿಗಳ ಪಾತ್ರವಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ತಂಡ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 54 ಮಂದಿಗೆ ಮೂರು ಬಗೆಯ ಚಿಕನ್ ಕುರ್ಮಾ ಬಡಿಸಲಾಯಿತು. ನೋಟ, ರುಚಿ ಒಂದೇ. ಕೊಬ್ಬಿನಂಶ ಮಾತ್ರ ಬೇರೆ. ಎಂಸಿ4ಆರ್ ಎಂಬ ವಂಶವಾಹಿಯಲ್ಲಿ ದೋಷವಿದ್ದವರು ಅತಿ ಹೆಚ್ಚು ಕೊಬ್ಬಿನ ಕುರ್ಮಾವನ್ನು ತೆಳು ಮೈಕಟ್ಟಿನವರಿಗಿಂತ ಶೇ. 95ರಷ್ಟು ಹೆಚ್ಚು ತಿಂದರು. ವ್ಯತ್ಯಾಸ ಅವರ ಅರಿವಿಗೇ ಬಂದಿರಲಿಲ್ಲ. ಅತಿ ಸಿಹಿಯಾದ ತಿನಿಸನ್ನು ಅವರೇ ಇತರರಷ್ಟು ಮೆಚ್ಚಲಿಲ್ಲ.

ಈ ದೋಷ ಅಪರೂಪದ್ದು, ನಿಜ. ಆದರೆ ಎಂಸಿ4ಆರ್ ಸಮೀಪದ ಒಂದು ಸಾಮಾನ್ಯ ರೂಪಭೇದ ಸೊಂಟದ ಸುತ್ತಳತೆಯನ್ನು ಹೆಚ್ಚಿಸುತ್ತದೆಂದೂ, ಅದು ಯುರೋಪಿಯನ್ನರಿಗಿಂತ ಭಾರತೀಯ ಮೂಲದವರಲ್ಲಿ ಹೆಚ್ಚೆಂದೂ 2008ರ ಅಧ್ಯಯನವೊಂದು ಹೇಳಿದೆ.

ಪರೀಕ್ಷೆಯ ಮಾರಾಟ

ಇಲ್ಲಿಂದಲೇ ವ್ಯಾಪಾರ ಶುರು. ಎಂಜಲಿನ ಮಾದರಿ ಕಳುಹಿಸಿದರೆ ನಿಮ್ಮ ವಂಶವಾಹಿಗೆ ಹೊಂದುವ ಆಹಾರಕ್ರಮ ತಿಳಿಸುತ್ತೇವೆನ್ನುವ ಕಂಪನಿಗಳು ಭಾರತದಲ್ಲಿಯೂ ಇವೆ. ಈ ಭರವಸೆಗೆ ಆಧಾರ ದುರ್ಬಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 609 ಮಂದಿಯನ್ನು ಒಂದು ವರ್ಷ ಗಮನಿಸಿ 2018ರಲ್ಲಿ ನೀಡಿದ ವರದಿಯ ಪ್ರಕಾರ, ಕಡಿಮೆ ಕೊಬ್ಬಿನ ಆಹಾರ ಹಾಗೂ ಕಡಿಮೆ ಪಿಷ್ಟದ ಆಹಾರಗಳಲ್ಲಿ ಯಾವುದು ಯಾರಿಗೆ ಫಲಿಸುತ್ತದೆ ಎಂಬುದನ್ನು ವಂಶವಾಹಿ ನೋಡಿ ಹೇಳಲಾಗಲಿಲ್ಲ. ಎಫ್‌ಟಿಒ ರೂಪಭೇದವಿದ್ದವರೂ ಪಥ್ಯದಿಂದ ಇತರರಷ್ಟೇ ತೂಕ ಇಳಿಸಿಕೊಳ್ಳಬಲ್ಲರೆಂದು 9 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಆಧರಿಸಿದ 2016ರ ವಿಶ್ಲೇಷಣೆ ತಿಳಿಸಿತ್ತು. ಅಂದರೆ ವಂಶವಾಹಿ ದಾರಿಯನ್ನು ಕಷ್ಟವಾಗಿಸಬಹುದು, ಮುಚ್ಚುವುದಿಲ್ಲ.

ಉಪವಾಸವೊಂದೇ ದಾರಿಯಲ್ಲ

ಸೋತವರಿಗೆ ಸಮಾಧಾನದ ಸಂಗತಿ ಇನ್ನೊಂದಿದೆ. ಚೀನಾದ ಗುವಾಂಗ್‌ಝೌನಲ್ಲಿ ಸ್ಥೂಲಕಾಯದ 139 ಮಂದಿಯ ಮೇಲೆ ಒಂದು ವರ್ಷ ನಡೆದ ಪ್ರಯೋಗದ ಫಲಿತಾಂಶ 2022ರಲ್ಲಿ ಹೊರಬಂತು. 8 ಗಂಟೆಯೊಳಗೆ ಉಂಡವರಿಗೂ, ಅಷ್ಟೇ ಮಿತಿಯ ಆಹಾರವನ್ನು ಯಾವಾಗ ಬೇಕಾದರೂ ಉಂಡವರಿಗೂ ತೂಕದ ಇಳಿಕೆಯಲ್ಲಿ ಗಣನೀಯ ಅಂತರ ಕಾಣಲಿಲ್ಲ. ಹಸಿವು ತಾಳದವರು ಮೂರು ಹೊತ್ತು ಮಿತವಾಗಿ ಉಂಡರೆ ನಷ್ಟವೇನಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ಸೇವಿಸುವ ಮಧುಮೇಹಿಗಳಂತೂ ವೈದ್ಯರನ್ನು ಕೇಳದೆ ಉಪವಾಸಕ್ಕೆ ಇಳಿಯಬಾರದು. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಹಸಿವು ಎಲ್ಲರಿಗೂ ಒಂದೇ ಅಳತೆಯಲ್ಲಿ ಬಂದಿಲ್ಲ. ಉಪವಾಸ ಮುರಿದವರನ್ನು ಹಂಗಿಸುವವರು ಇದನ್ನು ನೆನಪಿಡಬೇಕು. ಪರೀಕ್ಷೆಗೆ ಹಣ ಸುರಿಯುವ ಮೊದಲು ಉಪವಾಸಿಗರೂ ಒಮ್ಮೆ ಯೋಚಿಸಬೇಕು.