ಶಾಲೆಗೆ ಚಕ್ಕರ್: ದಂಡ ಕಟ್ಟಿದರೆ ಮುಗಿಯಿತೇ?

ಮಕ್ಕಳನ್ನು ಶಾಲೆ ತಪ್ಪಿಸಿದ್ದಕ್ಕಾಗಿ ಇಂಗ್ಲೆಂಡಿನ ಸ್ಥಳೀಯ ಆಡಳಿತಗಳು 2023–24ರ ಶೈಕ್ಷಣಿಕ ವರ್ಷದಲ್ಲಿ ಪೋಷಕರಿಗೆ ನೀಡಿದ ದಂಡದ ನೋಟಿಸುಗಳು ಸುಮಾರು 4.87 ಲಕ್ಷ. ಇವುಗಳಲ್ಲಿ ಶೇ 91ರಷ್ಟಕ್ಕೆ ಕಾರಣ ಒಂದೇ: ಪಾಠಗಳು ನಡೆಯುತ್ತಿರುವಾಗ ಅನುಮತಿ ಇಲ್ಲದೆ ಹೊರಟ ಕುಟುಂಬ ಪ್ರವಾಸ. ಅದರ ಹಿಂದಿನ ವರ್ಷ ನೋಟಿಸುಗಳ ಸಂಖ್ಯೆ ನಾಲ್ಕು ಲಕ್ಷದ ಆಸುಪಾಸಿನಲ್ಲಿತ್ತು. ಪ್ರವಾಸ ತಡೆಯುವುದೇ ದಂಡದ ಉದ್ದೇಶವಾಗಿದ್ದರೆ, ಅದು ಸೋತಿದೆ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ.

ಅಲ್ಲಿನ ನಿಯಮ ಮೊದಲು ಇಷ್ಟು ಬಿಗಿಯಾಗಿರಲಿಲ್ಲ. ವಿಶೇಷ ಸಂದರ್ಭವೆಂದು ಮನವರಿಕೆಯಾದರೆ ವರ್ಷಕ್ಕೆ 10 ದಿನಗಳವರೆಗೆ ಪ್ರವಾಸಕ್ಕೆ ರಜೆ ಕೊಡುವ ಅವಕಾಶ ಮುಖ್ಯೋಪಾಧ್ಯಾಯರಿಗಿತ್ತು. 2013ರ ಸೆಪ್ಟೆಂಬರ್‌ನಿಂದ ಅದನ್ನು ತೆಗೆದುಹಾಕಿ, ‘ಅಸಾಧಾರಣ ಸಂದರ್ಭ’ಕ್ಕೆ ಮಾತ್ರ ರಜೆ ಎಂದು ಸರ್ಕಾರ ತಿದ್ದುಪಡಿ ತಂದಿತು. ಮಗಳನ್ನು ಫ್ಲಾರಿಡಾಕ್ಕೆ ಕರೆದೊಯ್ದಿದ್ದ ಐಲ್ ಆಫ್ ವೈಟ್‌ನ ತಂದೆಯೊಬ್ಬರು, ಅವಳ ಹಾಜರಾತಿ ಶೇ 90ಕ್ಕಿಂತ ಹೆಚ್ಚಿದೆಯಲ್ಲ ಎಂದು ನ್ಯಾಯಾಲಯದಲ್ಲಿ ವಾದಿಸಿದರು. ಒಟ್ಟು ಹಾಜರಾತಿ ಎಷ್ಟೇ ಇರಲಿ, ಶಾಲೆ ಗೊತ್ತುಪಡಿಸಿದ ದಿನಗಳಲ್ಲಿ ಮಗು ಶಾಲೆಯಲ್ಲಿರಬೇಕು ಎಂದು ಸುಪ್ರೀಂ ಕೋರ್ಟ್ 2017ರ ಏಪ್ರಿಲ್‌ನಲ್ಲಿ ತೀರ್ಪಿತ್ತಿತು. 2024ರ ಆಗಸ್ಟ್‌ನಲ್ಲಿ ದಂಡ 60 ಪೌಂಡ್‌ನಿಂದ 80ಕ್ಕೆ ಏರಿತು. 21 ದಿನಗಳೊಳಗೆ ಕಟ್ಟದಿದ್ದರೆ 160. ಮೂರು ವರ್ಷದೊಳಗೆ ಎರಡನೇ ಸಲ ಸಿಕ್ಕಿಬಿದ್ದರೆ ನೇರವಾಗಿ 160. ಮೂರನೇ ಸಲಕ್ಕೆ ಮೊಕದ್ದಮೆಯನ್ನೇ ಹೂಡಬಹುದು.

ದಂಡ ಬೀಳುವುದು ಪ್ರತಿ ಮಗುವಿನ ಲೆಕ್ಕದಲ್ಲಿ ಪ್ರತಿ ಪೋಷಕರಿಗೂ. ಅಪ್ಪ, ಅಮ್ಮ, ಇಬ್ಬರು ಮಕ್ಕಳ ಮನೆಗೆ ಮೊದಲ ಸಲ 320 ಪೌಂಡ್. ಆಗಸ್ಟ್ ಬಿಟ್ಟು ಜೂನ್‌ನಲ್ಲಿ ಹೊರಟರೆ ನಾಲ್ಕು ವಿಮಾನ ಟಿಕೆಟ್ ಮತ್ತು ಹೋಟೆಲ್ ಖರ್ಚಿನಲ್ಲಿ ಉಳಿತಾಯವಾಗುವ ಹಣ ಎಷ್ಟೋ ಸಲ ಅದಕ್ಕಿಂತ ಹೆಚ್ಚು. ಹಾಗಾಗಿ ಪ್ರವಾಸದ ಲೆಕ್ಕ ಹಾಕುವಾಗ ವೀಸಾ, ವಿಮೆಯ ಸಾಲಿನಲ್ಲಿ ದಂಡವನ್ನೂ ಬರೆದುಕೊಳ್ಳುವವರಿದ್ದಾರೆ. ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳ ಕುರಿತು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಹೇಳಿತ್ತು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ದಂಡ ಹಾಕತೊಡಗಿದ ಮೇಲೆ ತಡ ಮಾಡುವವರು ಹೆಚ್ಚಾದರು; ದಂಡ ರದ್ದಾದ ಮೇಲೂ ಕಡಿಮೆಯಾಗಲಿಲ್ಲ. ‘ಟೀಚರ್ ಕಾಯ್ತಿರ್ತಾರೆ’ ಎಂಬ ಮುಜುಗರ ಇದ್ದ ಜಾಗದಲ್ಲಿ ‘ದುಡ್ಡು ಕೊಟ್ಟಿದ್ದೀವಲ್ಲ’ ಎಂಬ ಸಮಾಧಾನ ಬಂದು ಕೂತಿತ್ತು. ಇಂಗ್ಲೆಂಡಿನ ಶಿಕ್ಷಣ ಇಲಾಖೆ ಇಡೀ ದೇಶದಲ್ಲಿ ಅದೇ ಪ್ರಯೋಗ ನಡೆಸುತ್ತಿರುವಂತಿದೆ.

ಈ ದಂಡ ಎಲ್ಲರಿಗೂ ಒಂದೇ ತೂಕದ್ದಲ್ಲ. ಉಳ್ಳವರಿಗೆ ಅದು ಸೇವಾ ಶುಲ್ಕ. ವರ್ಷವಿಡೀ ಕೂಡಿಟ್ಟು ಒಂದು ವಾರ ಸಮುದ್ರ ನೋಡಲು ಹೊರಟ ಮನೆಗೆ ನಿಜವಾದ ಶಿಕ್ಷೆ. ಖಾಸಗಿ ಶಾಲೆಗಳಿಗೆ ಸಾಮಾನ್ಯವಾಗಿ ಜುಲೈ ಆರಂಭದಲ್ಲೇ ರಜೆ ಸಿಗುವುದರಿಂದ, ದರ ಏರುವ ಮುನ್ನವೇ ಅಲ್ಲಿನ ಮಕ್ಕಳು ಹೊರಟಿರುತ್ತಾರೆ.

ಅಲ್ಲಿ ನೆಲೆಸಿರುವ ಕನ್ನಡಿಗರ ಇಕ್ಕಟ್ಟು ಬೇರೆಯೇ. ಊರಿನಲ್ಲಿ ಮದುವೆ ಸೀಸನ್ ವೈಶಾಖ, ಜ್ಯೇಷ್ಠದಲ್ಲಿ. ಇಂಗ್ಲೆಂಡಿನಲ್ಲಿ ಮೇ, ಜೂನ್ ಎಂದರೆ ಪರೀಕ್ಷೆಗಳ ಕಾಲ. ಅಕ್ಟೋಬರಿನ ಒಂದು ವಾರದ ರಜೆ ಹೆಚ್ಚಾಗಿ ತಿಂಗಳ ಕೊನೆಗೆ ಬರುತ್ತದೆ. ವಿಜಯದಶಮಿ 2024ರಲ್ಲಿ ಅಕ್ಟೋಬರ್ 12ಕ್ಕೆ, 2025ರಲ್ಲಿ ಅಕ್ಟೋಬರ್ 2ಕ್ಕೆ ಬಂತು. ಧಾರ್ಮಿಕ ಆಚರಣೆಯ ದಿನಕ್ಕೆ ಶಾಲೆ ರಜೆ ಕೊಡುತ್ತದೆ. ಆದರೆ ಮೈಸೂರಿಗೆ ಬಂದು, ಬನ್ನಿಮಂಟಪದ ಪಂಜಿನ ಕವಾಯತು ನೋಡಿ, ಅಜ್ಜಿ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗಲು ಒಂದು ದಿನ ಯಾವ ಮೂಲೆಗೆ? ಅಜ್ಜ-ಅಜ್ಜಿಯರೊಂದಿಗೆ ಮನೆಮಾತಿನಲ್ಲಿ ಮಾತಾಡುತ್ತ ಕಳೆಯುವ ದಿನಗಳು ಮಗುವಿಗೆ ಕೊಡುವುದನ್ನು ಹಾಜರಿ ಪುಸ್ತಕ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗೆಂದು ಶಿಕ್ಷಕರ ಅಳಲು ಸುಳ್ಳಲ್ಲ. 30 ಮಕ್ಕಳ ತರಗತಿಯಲ್ಲಿ ಈ ವಾರ ಇಬ್ಬರು, ಮುಂದಿನ ವಾರ ಮೂವರು ಇಲ್ಲವಾದರೆ ಭಿನ್ನರಾಶಿಯ ಪಾಠವನ್ನು ಎಷ್ಟು ಸಲ ಮಾಡುವುದು? ಪ್ರವಾಸ ಹೋದವರಿಗೆ ಹೇಳಿಕೊಡಲು ಕೂತರೆ, ಶಾಲೆಗೆ ತಪ್ಪದೆ ಬಂದ ಮಗುವಿನ ಸಮಯ ಹೋಗುತ್ತದೆ. ‘ನನ್ನ ಮಗು, ನನ್ನ ಇಷ್ಟ’ ಎನ್ನುವ ಪೋಷಕರು ಮರೆಯುವುದು ಈ ಮಗುವನ್ನು. ಹಾಗಾಗಿ ರಜೆಗೆ ಯಾವ ಕಟ್ಟುಪಾಡೂ ಬೇಡ ಎನ್ನುವುದು ಉತ್ತರವಾಗಲಾರದು.

ಆದರೆ ಈಗಿನ ಕಟ್ಟುಪಾಡು ಕಲಿಸುತ್ತಿರುವುದು ಸುಳ್ಳನ್ನು. ಅನುಮತಿ ಇಲ್ಲದ ಗೈರುಹಾಜರಿ ಐದು ದಿನ ತಲುಪಿದರೆ ದಂಡದ ಪರಿಶೀಲನೆ ಆಗಬೇಕು ಎಂಬುದು ನಿಯಮ. ಆಗ ನಾಲ್ಕೇ ದಿನ ತಪ್ಪಿಸುವ ಜಾಣತನ ಹುಟ್ಟುತ್ತದೆ. ಇಲ್ಲವೇ ಬೆಳಿಗ್ಗೆ ಶಾಲೆಗೆ ಫೋನ್ ಮಾಡಿ ‘ಮಗುವಿಗೆ ಜ್ವರ’ ಎನ್ನುವುದು. ವಾರ ಕಳೆದು ಬಿಸಿಲಿಗೆ ಮುಖ ಕಪ್ಪಾಗಿಸಿಕೊಂಡು ಬಂದ ಏಳು ವರ್ಷದ ಮಗುವಿಗೆ ‘ಮಿಸ್ ಕೇಳಿದರೆ ಹುಷಾರಿರಲಿಲ್ಲ ಅನ್ನು’ ಎಂಬ ಪಾಠವೂ ಮನೆಯಲ್ಲೇ ಆಗುತ್ತದೆ. ತಪ್ಪಿಹೋದ ಗಣಿತವನ್ನು ಆಮೇಲೆ ಕಲಿಸಬಹುದು. ಈ ಪಾಠವನ್ನು ಮರೆಸುವುದು ಕಷ್ಟ.

ದಾರಿಗಳು ಇಲ್ಲದಿಲ್ಲ. ಜರ್ಮನಿಯ 16 ರಾಜ್ಯಗಳು ಬೇಸಿಗೆ ರಜೆಯನ್ನು ಬೇರೆ ಬೇರೆ ವಾರಗಳಿಗೆ ಹಂಚಿಕೊಳ್ಳುತ್ತವೆ. ಫ್ರಾನ್ಸ್ ದೇಶವನ್ನು ಮೂರು ವಲಯಗಳಾಗಿ ವಿಂಗಡಿಸಿ ಚಳಿಗಾಲ ಮತ್ತು ವಸಂತದ ರಜೆ ಕೊಡುತ್ತದೆ. ಎಲ್ಲರೂ ಒಂದೇ ವಾರ ವಿಮಾನ ಹತ್ತದಿದ್ದರೆ ದರದ ಬಿಸಿ ತುಸು ತಗ್ಗುತ್ತದೆ. ಇದು ರಾಮಬಾಣವೇನಲ್ಲ: ಶಾಲೆ ತಪ್ಪಿಸಿ ಹೊರಟ ಕುಟುಂಬಗಳನ್ನು ಜರ್ಮನಿಯದೇ ಬವೇರಿಯಾ ರಾಜ್ಯದ ಪೊಲೀಸರು 2018ರಲ್ಲಿ ವಿಮಾನ ನಿಲ್ದಾಣದಲ್ಲೇ ಹಿಡಿದಿದ್ದರು. ಹಾಗಾಗಿ ಕ್ಯಾಲೆಂಡರಿನ ಜೊತೆಗೆ ವಿವೇಚನೆಯೂ ಬೇಕು. ಪಕ್ಕದ ವೇಲ್ಸ್‌ನಲ್ಲಿ ದಂಡದ ವ್ಯವಸ್ಥೆ ಇದ್ದರೂ ವರ್ಷಕ್ಕೆ 10 ದಿನಗಳವರೆಗೆ ರಜೆ ಕೊಡುವ ಅಧಿಕಾರ ಮುಖ್ಯೋಪಾಧ್ಯಾಯರ ಬಳಿಯೇ ಉಳಿದಿದೆ. ಮಗುವಿನ ಹಾಜರಾತಿ, ಕಲಿಕೆ, ಹೊರಡುವ ಕಾರಣ ಮೂರೂ ಅವರಿಗೆ ಗೊತ್ತು. ಮುಂಚಿತವಾಗಿ ಕೇಳಿದವರಿಗೆ, ಪರೀಕ್ಷೆಯ ವಾರಗಳನ್ನು ಬಿಟ್ಟು, ಹಾಜರಾತಿ ಚೆನ್ನಾಗಿರುವ ಮಗುವಿಗೆ ಎರಡು ಮೂರು ವರ್ಷಕ್ಕೊಮ್ಮೆ ರಜೆ ಕೊಡುವುದರಿಂದ ಶಾಲೆಯೇನೂ ಮುಳುಗುವುದಿಲ್ಲ. ಕೇಳಿದರೆ ಸಿಗಬಹುದು ಎಂಬ ನಂಬಿಕೆ ಇದ್ದರೆ ಜ್ವರದ ನೆಪ ಹೇಳುವವರೂ ಕಡಿಮೆಯಾಗುತ್ತಾರೆ. ಹಾಗೆ ಸಿಕ್ಕ ರಜೆಯಲ್ಲಿ ತಪ್ಪಿದ ಪಾಠ ತುಂಬಿಕೊಡುವ ಹೊಣೆ ಮಾತ್ರ ಮನೆಯದೇ ಆಗಿರಬೇಕು.

ಇಷ್ಟು ನೋಟಿಸುಗಳ ಗದ್ದಲದಲ್ಲಿ ಇನ್ನೊಂದು ಅಂಕಿ ಮರೆಯಾಗುತ್ತಿದೆ. ಶಾಲಾ ಅವಧಿಯ ಶೇ 10 ಅಥವಾ ಅದಕ್ಕಿಂತ ಹೆಚ್ಚು ಭಾಗ ತಪ್ಪಿಸಿಕೊಳ್ಳುವ ಮಕ್ಕಳ ಪ್ರಮಾಣ ಇಂಗ್ಲೆಂಡಿನಲ್ಲಿ ಕೋವಿಡ್‌ಗೆ ಮೊದಲು ಶೇ 11ರಷ್ಟಿದ್ದದ್ದು 2023–24ರಲ್ಲಿ ಶೇ 20ರ ಹತ್ತಿರವಿತ್ತು. ಇವರಲ್ಲಿ ಬಹುಪಾಲು ಮಕ್ಕಳು ಪ್ರವಾಸಕ್ಕೆಂದು ಗೈರಾದವರಲ್ಲ. ಕಾಯಿಲೆ, ಮಾನಸಿಕ ಆತಂಕ, ಬಡತನ, ಮನೆಯ ತಾಪತ್ರಯಗಳು ಅವರನ್ನು ಶಾಲೆಯಿಂದ ದೂರ ಇಟ್ಟಿವೆ. ಅಂಥ ಮನೆಗಳಿಗೆ ದಂಡದ ಚೀಟಿ ಕಳಿಸಿ ಫಲವಿಲ್ಲ. ಬಾಗಿಲು ತಟ್ಟಿ ಮಾತಾಡಿಸುವ ಸಿಬ್ಬಂದಿ ಬೇಕು. ಒಂದು ವಾರ ತಪ್ಪಿಸಿಕೊಂಡು ಮರಳಿ ಬಂದೇ ಬರುವ ಮಗುವಿನ ಹಿಂದೆ ಓಡುವ ಆಡಳಿತ, ಬಾರದೇ ಉಳಿದ ಮಗುವಿನ ಮನೆಗೆ ಮೊದಲು ಹೋಗಲಿ.