ಬಾಗಿಲ ಹೊರಗೆ ನಿಂತು ಕಲಿತವಳು

ಚಿತ್ರಕಲೆಯೆಂದರೆ ಉಳ್ಳವರ ಗೋಡೆಗೆ ತೂಗುಹಾಕುವ ಅಲಂಕಾರ, ದುಡಿದು ತಿನ್ನುವವನಿಗೆ ಅದರಿಂದ ಆಗಬೇಕಾದ್ದೇನು ಎಂದು ಕೇಳುವ ಗೆಳೆಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರ ಮಾತು ಪೂರ್ತಿ ಸುಳ್ಳಲ್ಲ. ಕಾಡು, ಕೆರೆ, ಮುಗಿಲು ಬರೆದ ಪಟವನ್ನು ದುಡ್ಡು ಕೊಟ್ಟು ಕೊಳ್ಳುವವನು ಕೂಲಿಯವನಲ್ಲ. ಆದರೆ ಕೊಂಡವನು ಯಾರೆಂದು ಕೇಳಿ ಅಲ್ಲಿಗೇ ಸುಮ್ಮನಾದರೆ ಸಾಲದು. ಅದನ್ನು ಬರೆಯಲು ಕಲಿತವರು ಯಾರು, ಎಲ್ಲಿ ಕಲಿತರು, ಕಲಿಕೆಗೆ ಹಣವೆಲ್ಲಿಂದ ಬಂತು, ಕಲಿಯಲಾರದೆ ಉಳಿದವರು ಯಾರು ಎಂಬುದನ್ನೂ ಕೇಳಬೇಕು. ಹಾಗೆ ಕೇಳತೊಡಗಿದರೆ ಪಟದ ಹಿಂದೆ ಒಂದು ಸಮಾಜವೇ ನಿಂತಿರುವುದು ಕಾಣುತ್ತದೆ. ಫಿನ್ಲೆಂಡ್ ದೇಶದ ಫಾನಿ ಚುರ್ಬರ್ಗ್ ಎಂಬ ಚಿತ್ರಗಾರ್ತಿಯ ಬಾಳನ್ನು ಇಲ್ಲಿ ಹೇಳಹೊರಟಿರುವುದು ಅದಕ್ಕಾಗಿ.

ಫಿನ್ಲೆಂಡ್ ಯೂರೋಪಿನ ಉತ್ತರದ ಅಂಚಿನಲ್ಲಿರುವ ದೇಶ. 1809ರ ವರೆಗೆ ಸ್ವೀಡನ್ನಿನ ಆಳ್ವಿಕೆ, ಅಲ್ಲಿಂದ 1917ರ ವರೆಗೆ ರಷ್ಯದ ಚಕ್ರವರ್ತಿಯ ಆಳ್ವಿಕೆ. ಹಳ್ಳಿಯ ರೈತ ಆಡುವುದು ಫಿನ್ನಿಷ್. ಕಚೇರಿಯಲ್ಲಿ, ಓದಿದವರ ಮನೆಯಲ್ಲಿ ಸ್ವೀಡಿಷ್. ಆಳುವ ದೊರೆಯದು ಮೂರನೆಯದೇ ಒಂದು ಭಾಷೆ. ಹಳ್ಳಿಗನ ಮಾತಿಗೂ ಕಚೇರಿಯಲ್ಲಿ ಜಾಗ ಕೊಡಬೇಕೆಂಬ ಆಜ್ಞೆ ಹೊರಟದ್ದು 1863ರಲ್ಲಿ. ಹೀಗೆ ಎಲ್ಲವೂ ಬೇರೆಯವರದೇ ಆಗಿದ್ದಾಗ ನಮ್ಮದೆಂದು ಹೇಳಿಕೊಳ್ಳಲು ಉಳಿದದ್ದು ನೆಲವೊಂದೇ. ಆದುದರಿಂದ ಆ ಕಾಲದಲ್ಲಿ ಅಲ್ಲಿ ಪ್ರಕೃತಿ ದೃಶ್ಯವನ್ನು ಬರೆಯುವುದು ಬರಿಯ ಹವ್ಯಾಸವಾಗಿರಲಿಲ್ಲ. ದೇಶದ ಮುಖವನ್ನು ದೇಶದವರಿಗೇ ತೋರಿಸುವ ಕೆಲಸವಾಗಿತ್ತು.

ಆದರೆ ಕೆಲಸ ಕಲಿಯಬೇಕಲ್ಲ? 1846ರಲ್ಲಿ ಒಂದು ಕಲಾ ಸಂಘ, 1848ರಲ್ಲಿ ಹೆಲ್ಸಿಂಕಿಯಲ್ಲಿ ಒಂದು ರೇಖಾಚಿತ್ರ ಶಾಲೆ ಹುಟ್ಟಿದ್ದವು. ಅದಕ್ಕೂ ಮೇಲೆ ಕಲಿಯಬೇಕೆಂದರೆ ಸಮುದ್ರ ದಾಟಬೇಕು. ಅನೇಕರು ಹಿಡಿದ ದಾರಿ ಜರ್ಮನಿಯ ಡ್ಯೂಸೆಲ್‌ಡಾರ್ಫ್ ನಗರದ್ದು. ಅಲ್ಲಿನ ಪದ್ಧತಿ ಗೊತ್ತಾದದ್ದೇ: ಬೇಸಗೆಯಲ್ಲಿ ಬಯಲಿಗೆ ಹೋಗಿ ಮರ, ಬಂಡೆ, ನೀರು ನೋಡಿ ಗುರುತು ಹಾಕಿಕೊಳ್ಳುವುದು, ಚಳಿಗಾಲದಲ್ಲಿ ಕೋಣೆಯಲ್ಲಿ ಕುಳಿತು ಅವನ್ನು ಕೂಡಿಸಿ ದೊಡ್ಡ ಪಟವಾಗಿ ತಿದ್ದಿ ತೀಡಿ ಮುಗಿಸುವುದು. ಫಿನ್ನರ ಪೈಕಿ ವೆರ್ನರ್ ಹೋಲ್ಮ್‌ಬೆರ್ಗ್ 1853ರಲ್ಲಿ ಅಲ್ಲಿಗೆ ಹೋದ, ಹೆಸರು ಮಾಡಿದ, 1860ರಲ್ಲಿ, ಇಪ್ಪತ್ತೊಂಬತ್ತನೆಯ ವಯಸ್ಸಿಗೆ, ಅಲ್ಲಿಯೇ ಸತ್ತ. ಅವನ ಹಿಂದೆ ಹಲವರು ಹೋದರು.

ಅದೇ ದಾರಿ ಹಿಡಿದವಳು ಫಾನಿ. ಹುಟ್ಟಿದ್ದು 1845ರಲ್ಲಿ ವಾಸಾ ಪಟ್ಟಣದಲ್ಲಿ, ತಂದೆ ವೈದ್ಯ. ತಾಯಿ ಬೇಗ ತೀರಿಕೊಂಡಳು. 1865ರಲ್ಲಿ ತಂದೆಯೂ ಹೋದ ಮೇಲೆ ಹೆಲ್ಸಿಂಕಿಗೆ ಬಂದು ಅಲೆಕ್ಸಾಂಡ್ರಾ ಫ್ರೊಸ್ಟೆರುಸ್-ಸೋಲ್ಟಿನ್, ಎಮ್ಮಾ ಗುಲ್ಡೇನ್, ಬೆರ್ನ್ಟ್ ಲಿಂಡ್‌ಹೋಲ್ಮ್ ಇವರ ಬಳಿ ಖಾಸಗಿಯಾಗಿ ಪಾಠ ಹೇಳಿಸಿಕೊಂಡಳು. 1867ರಲ್ಲಿ ಡ್ಯೂಸೆಲ್‌ಡಾರ್ಫಿಗೆ ಹೊರಟಳು.

ಅಲ್ಲಿ ಎದುರಾದದ್ದು ಮುಚ್ಚಿದ ಬಾಗಿಲು. ಆ ಊರಿನ ಪ್ರಖ್ಯಾತ ಕಲಾ ಅಕಾಡೆಮಿಯಲ್ಲಿ ಆಗ ಹೆಂಗಸರಿಗೆ ಪ್ರವೇಶವಿರಲಿಲ್ಲ. ಹೋಲ್ಮ್‌ಬೆರ್ಗನ ದೇಶದವಳೇ ಆದರೂ, ಕೈಯಲ್ಲಿ ಅವನಷ್ಟೇ ಕಸುವಿದ್ದರೂ, ಹೆಂಗಸೆಂಬ ಒಂದೇ ಕಾರಣ ಸಾಕಾಗಿತ್ತು. ಅದೇ ಊರಿನ ಚಿತ್ರಕಾರರು ತಮ್ಮ ಕೋಣೆಗಳಲ್ಲಿ ಹಣ ತೆಗೆದುಕೊಂಡು ಹೆಂಗಸರಿಗೆ ಪಾಠ ಹೇಳುತ್ತಿದ್ದರು. ಇದೊಂದು ವಿಚಿತ್ರ ನ್ಯಾಯ ನೋಡಿ. ವಿದ್ಯೆಗೆ ಹೆಂಗಸು ಅಯೋಗ್ಯಳಂತೆ, ಅವಳು ಕೊಡುವ ಶುಲ್ಕ ಮಾತ್ರ ಯೋಗ್ಯವಂತೆ! ಫಾನಿ ಕಾರ್ಲ್ ಲೂಡ್ವಿಗ್ ಎಂಬ ದೃಶ್ಯಚಿತ್ರಕಾರನ ಬಳಿ ಹೀಗೆ ಕಲಿತಳು. ಮುಂದೆಯೂ ಅದೇ ಊರಿಗೆ ಹೋಗಿ ಬಂದಳು. 1875ರಲ್ಲಿ ಪ್ಯಾರಿಸಿಗೆ ಹೋದಾಗಲೂ ಇದೇ ಕಥೆ. ಅಲ್ಲಿನ ಸರ್ಕಾರಿ ಕಲಾಶಾಲೆ ಹೆಂಗಸರಿಗೆ ಬಾಗಿಲು ತೆರೆದದ್ದು 1897ರಲ್ಲಿ, ಅಂದರೆ ಫಾನಿ ಸತ್ತು ಐದು ವರ್ಷಗಳಾದ ಮೇಲೆ. ಆಕೆ ಸ್ವೀಡನ್ನಿನವನಾದ ವಿಲ್ಹೆಲ್ಮ್ ವಾನ್ ಗೆಗರ್‌ಫೆಲ್ಟ್ ಎಂಬಾತನ ಬಳಿ ಪಾಠಕ್ಕೆ ನಿಂತಳು.

ಪಾಠ ಎಲ್ಲಿಯಾದರೇನು, ಕಲಿತಳಲ್ಲ ಎನ್ನಬಹುದು. ಕೆಲವು ವರ್ಷ ಮೇಷ್ಟ್ರ ಕೆಲಸ ಮಾಡಿದವನಾಗಿ ಈ ಮಾತನ್ನು ನಾನು ಒಪ್ಪಲಾರೆ. ಶಾಲೆಯೆಂದರೆ ಪಾಠವೊಂದೇ ಅಲ್ಲ. ಜೊತೆಗಾರರು, ಅವರೊಡನೆ ಪೈಪೋಟಿ, ಕಲಿತದ್ದಕ್ಕೆ ಒಂದು ಮುದ್ರೆ, ಮುಂದೆ ಪಟ ಕೊಳ್ಳುವವರ ಪರಿಚಯ, ಇವೆಲ್ಲ ಶಾಲೆಯ ಒಳಗೆ ಸಿಗುತ್ತವೆ. ಹೊರಗೆ ನಿಂತವನಿಗೆ ಒಂದೊಂದನ್ನೂ ಬೇರೆ ಬೇರೆಯಾಗಿ ಸಂಪಾದಿಸಬೇಕು. ಇನ್ನೊಂದು ಮಾತು. ಆ ಕಾಲದ ಅಕಾಡೆಮಿಗಳಲ್ಲಿ ಮನುಷ್ಯ ದೇಹವನ್ನು ಎದುರಿಗಿಟ್ಟುಕೊಂಡು ಬರೆಯುವ ತರಬೇತಿಯೇ ಮುಖ್ಯ. ಇತಿಹಾಸ, ಪುರಾಣಗಳ ದೊಡ್ಡ ಪಟಗಳಿಗೆ ಅದೇ ಆಧಾರ. ಅದು ಸಿಗದ ಹೆಂಗಸರಿಗೆ ಉಳಿದದ್ದು ಮರ, ನೀರು, ಹೂವು, ಹಣ್ಣು. ಅವನ್ನೇ ಬರೆದ ಮೇಲೆ, ಇವರಿಗೆ ಬರುವುದು ಇಷ್ಟೇ ಎಂದು ತೀರ್ಪು ಕೊಡಲು ಗಂಡಸರಿಗೆ ಅನುಕೂಲವಾಯಿತು.

ಇಷ್ಟಾದರೂ ಫಾನಿ ಅದೃಷ್ಟವಂತಳೆಂದೇ ಹೇಳಬೇಕು. ತಂದೆ ಬಿಟ್ಟುಹೋದ ಹಣವಿತ್ತು. 1864ರ ಒಂದು ಕಾನೂನಿನಿಂದ ಫಿನ್ಲೆಂಡಿನಲ್ಲಿ ಮದುವೆಯಾಗದ ಹೆಂಗಸು ಇಪ್ಪತ್ತೈದು ತುಂಬಿದರೆ ಯಾರ ಪೋಷಕತ್ವವೂ ಇಲ್ಲದೆ ತನ್ನ ವ್ಯವಹಾರ ತಾನೇ ನೋಡಿಕೊಳ್ಳಬಹುದಾಗಿತ್ತು. ಮದುವೆಯಾದರೆ ಮತ್ತೆ ಗಂಡನ ಪೋಷಕತ್ವ. ಅದು ತೊಲಗಿದ್ದು 1929ರ ಕಾನೂನಿನಿಂದ. ಫಾನಿ ಮದುವೆಯಾಗಲಿಲ್ಲ.

ಆಸ್ತಿಯಿಲ್ಲದವರ ಗತಿಯೇನು? ಫಾನಿ ಡ್ಯೂಸೆಲ್‌ಡಾರ್ಫಿನಲ್ಲಿ ಕುಂಚ ಹಿಡಿದಿದ್ದ 1867ನೆಯ ವರ್ಷವೇ ಆಕೆಯ ದೇಶದಲ್ಲಿ ಭಯಂಕರ ಕ್ಷಾಮ. ವಸಂತ ತಡವಾಗಿ ಬಂತು, ಸೆಪ್ಟೆಂಬರಿನಲ್ಲೇ ಹಿಮ ಬಿದ್ದು ಬೆಳೆ ಸುಟ್ಟುಹೋಯಿತು. ಜನ ಪೈನ್ ಮರದ ತೊಗಟೆಯನ್ನು ಪುಡಿಮಾಡಿ ಹಿಟ್ಟಿಗೆ ಬೆರೆಸಿ ರೊಟ್ಟಿ ಸುಟ್ಟರು. ಮರುವರ್ಷದೊಳಗೆ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ಜ್ವರಗಳಿಂದಲೂ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು. ದೇಶದ ಜನಸಂಖ್ಯೆ ಇಪ್ಪತ್ತು ಲಕ್ಷವೂ ಇರಲಿಲ್ಲ. ಜಮೀನ್ದಾರನ ನೆಲದಲ್ಲಿ ಬಿಟ್ಟಿ ದುಡಿದು ಗೇಣಿ ತೀರಿಸುವ ಒಕ್ಕಲಿನ ಮನೆಯಲ್ಲಿಯೂ ಕೈಯಲ್ಲಿ ಬಣ್ಣದ ಗುಣವಿದ್ದ ಹುಡುಗಿಯರು ಇದ್ದಿರಲೇಬೇಕು. ಅವರಿಗೆ ಅಕಾಡೆಮಿಯ ಬಾಗಿಲು ಮುಚ್ಚಿದೆಯೋ ತೆರೆದಿದೆಯೋ ಎಂಬ ಪ್ರಶ್ನೆಯೇ ಏಳಲಿಲ್ಲ.

ಡ್ಯೂಸೆಲ್‌ಡಾರ್ಫ್ ಎಂದೊಡನೆ ಗಿರಣಿಯ ಗೆಳೆಯರಿಗೆ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಅದೇ ಊರಿನ ಕಾರ್ಲ್ ಹ್ಯೂಬ್ನರ್ 1844ರಲ್ಲಿ ಸಿಲೇಸಿಯದ ನೇಕಾರರ ಚಿತ್ರ ಬರೆದ. ತಿಂಗಳುಗಟ್ಟಲೆ ನೇಯ್ದ ಬಟ್ಟೆಯನ್ನು ತಂದಿರುವ ಬಡವರು ಒಂದು ಕಡೆ. ಅದನ್ನು ತಿರಸ್ಕಾರದಿಂದ ತಳ್ಳಿಹಾಕುವ ಸಾಹುಕಾರ ಇನ್ನೊಂದು ಕಡೆ. ನೂರು ಕರಪತ್ರಗಳಿಗಿಂತ ಈ ಒಂದು ಪಟ ಹೆಚ್ಚು ಕೆಲಸ ಮಾಡಿತೆಂಬ ಅರ್ಥದಲ್ಲಿ ಎಂಗೆಲ್ಸ್ ಬರೆದಿದ್ದಾನೆ. ಪಟದಿಂದ ಏನಾದೀತು ಎನ್ನುವವರು ಇದನ್ನು ಗಮನಿಸಬೇಕು.

ಫಾನಿ ಅಂತಹ ಪಟಗಳನ್ನು ಬರೆಯಲಿಲ್ಲ. ಆಕೆಯದು ಕಾಡು, ಜೌಗು, ಬಂಡೆಗಳ ಮೇಲೆ ಧುಮುಕುವ ನೀರು, ಬೆಳದಿಂಗಳು, ಕವಿದ ಮೋಡ. ಆದರೆ ಬರೆದ ರೀತಿ ನೋಡಬೇಕು. ಡ್ಯೂಸೆಲ್‌ಡಾರ್ಫಿನವರು ಒಂದೊಂದು ಎಲೆಯನ್ನೂ ನುಣ್ಣಗೆ ತೀಡುವವರು. ಈಕೆ ಬಣ್ಣವನ್ನು ದಪ್ಪವಾಗಿ, ಬಿರುಸಾಗಿ ಎಳೆದು ಬಿಟ್ಟಳು. ಕಪ್ಪಿನ ಪಕ್ಕದಲ್ಲೇ ಉರಿಯುವ ಕೆಂಪು. 1880ರಲ್ಲಿ ಬರೆದ, ಸೂರ್ಯ ಮುಳುಗಿದ ಮೇಲಿನ ಚಳಿಗಾಲದ ದೃಶ್ಯದಲ್ಲಿ ಹಿಮ ತಣ್ಣಗಿದೆ, ಬಾನು ಮಾತ್ರ ಕುಲುಮೆಯ ಬಾಯಂತಿದೆ. ಮನೆಗೆ ಬೇಕಾಗುವ ಸಾಮಾನನ್ನೂ ಆಕೆ ಬಿಡಲಿಲ್ಲ. 1876ರ ಒಂದು ಚಿತ್ರದಲ್ಲಿರುವುದು ಬರಿಯ ತರಕಾರಿ ಮತ್ತು ಮೀನು. ಸಂತೆಯಿಂದ ಈಗ ತಾನೇ ತಂದು ಹಲಗೆಯ ಮೇಲೆ ಹಾಕಿದ ಹಾಗಿದೆ.

ಪತ್ರಿಕೆಗಳ ವಿಮರ್ಶಕರಿಗೆ ಇದು ರುಚಿಸಲಿಲ್ಲ. ಬಣ್ಣ ಅತಿಯಾಯಿತು, ಕೆಲಸ ಒರಟಾಯಿತು ಎಂದು ದೂರಿದರು. ಗಂಡಸು ಹೀಗೆ ಬರೆದಿದ್ದರೆ ಧೈರ್ಯವೆನ್ನುತ್ತಿದ್ದರೋ ಏನೋ. 1879ರಲ್ಲಿ ಕಲಾ ಸಂಘದ ಡುಕಾಟ್ ಬಹುಮಾನ ಬಂತು. ಅದೂ ಆಕೆಯ ಜೀವವೇ ಆಗಿದ್ದ ದೃಶ್ಯಚಿತ್ರಕ್ಕಲ್ಲ, ವಸ್ತುಗಳನ್ನಿಟ್ಟು ಬರೆದ ಚಿತ್ರಕ್ಕೆ. ಮರುವರ್ಷ, ಮೂವತ್ತೈದರ ಹೊಸ್ತಿಲಲ್ಲಿ, ಫಾನಿ ಕುಂಚ ಕೆಳಗಿಟ್ಟಳು. ಮತ್ತೆ ಹಿಡಿಯಲಿಲ್ಲ.

ಕೈ ಮಾತ್ರ ಸುಮ್ಮನಿರಲಿಲ್ಲ. 1879ರಲ್ಲೇ ಆಕೆಯ ಮುಂದಾಳುತನದಲ್ಲಿ ಫಿನ್ನಿಷ್ ಕೈಕಸುಬಿನ ಗೆಳೆಯರು ಎಂಬ ಸಂಘ ಹುಟ್ಟಿತ್ತು. ಹಳ್ಳಿಯ ಹೆಂಗಸರು ತಲೆತಲಾಂತರದಿಂದ ನೇಯುತ್ತಿದ್ದ ಹೊದಿಕೆ, ಜಮಖಾನ, ಕಸೂತಿಗಳ ಮಾದರಿಗಳನ್ನು ಸಂಗ್ರಹಿಸಿ, ಅವನ್ನು ಮತ್ತೆ ನೇಯಿಸಿ ಬಳಕೆಗೆ ತರುವುದು ಅದರ ಉದ್ದೇಶ. ಅದಕ್ಕೆ ಅವಸರವೂ ಇತ್ತು. 1820ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಫಿನ್ಲೇಸನ್ ತಾಂಪೆರೆ ಊರಿನ ಜಲಪಾತದ ಬಳಿ ಸ್ಥಾಪಿಸಿದ ಕಾರ್ಖಾನೆ ಈ ವೇಳೆಗೆ ದೊಡ್ಡ ಹತ್ತಿಗಿರಣಿಯಾಗಿ ಬೆಳೆದಿತ್ತು. 1882ರಲ್ಲಿ ಅದರ ನೇಯ್ಗೆಯ ಶಾಲೆಯಲ್ಲಿ ವಿದ್ಯುದ್ದೀಪವೂ ಹತ್ತಿತು. ಗಿರಣಿಯ ಬಟ್ಟೆ ಹಳ್ಳಿಗೆ ಬಂದಂತೆ ಮನೆಯ ಮಗ್ಗ ಅಟ್ಟ ಸೇರಿತು. ಹಾಸು ಹೊಕ್ಕಿನ ಲೆಕ್ಕವನ್ನು ಬಾಯಲ್ಲೇ ಇಟ್ಟುಕೊಂಡಿದ್ದ ಮುದುಕಿಯರು ಸತ್ತರೆ ಆ ಲೆಕ್ಕವೂ ಅವರೊಡನೆ ಹೋಗುತ್ತಿತ್ತು. ಇದರ ಅರ್ಥವೇನೆಂದು ಮಗ್ಗದ ಮುಂದೆ ನಿಲ್ಲುವ ವಾಚಕರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಫಾನಿ ದೇಶಸೇವೆಗಾಗಿ ಸ್ವಂತ ಕಲೆಯನ್ನು ತ್ಯಾಗ ಮಾಡಿದಳೆಂದು ಇದನ್ನು ಹಾಡಿ ಹೊಗಳುವುದುಂಟು. ಆ ಹೊಗಳಿಕೆ ನನಗೆ ಹಿಡಿಸುವುದಿಲ್ಲ. ಸಂಘದ ಕೆಲಸ ದೊಡ್ಡದೇ; ಆದರೆ ಅದನ್ನು ಮುಂದೊಡ್ಡಿ, ಒಬ್ಬ ಚಿತ್ರಗಾರ್ತಿಯನ್ನು ಸೋಲಿಸಿ ಕೂರಿಸಿದವರ ತಪ್ಪನ್ನು ಮುಚ್ಚಿಬಿಡುವುದು ಸರಿಯಲ್ಲ. ಪಟ ಬರೆದರೆ ಕಲೆ, ಜಮಖಾನ ನೇಯ್ದರೆ ಹೆಂಗಸರ ಕೈಕೆಲಸ ಎಂಬ ಭೇದವೂ ಇದರೊಳಗೆ ಅಡಗಿದೆ. 1900ರ ಪ್ಯಾರಿಸ್ ಮಹಾಪ್ರದರ್ಶನದ ಫಿನ್ಲೆಂಡ್ ಮಂಟಪದಲ್ಲಿ ಜ್ವಾಲೆ ಎಂಬ ಹೆಸರಿನ ಜಮಖಾನವೊಂದು ಎಲ್ಲರ ಕಣ್ಣು ಸೆಳೆಯಿತು. ಮಾದರಿ ಬರೆದವನು ಪ್ರಸಿದ್ಧ ಚಿತ್ರಕಾರ ಗಾಲೆನ್-ಕಾಲೆಲಾ. ನೇಯಿಸಿದ್ದು ಫಾನಿಯ ಸಂಘ. ಅವನ ಹೆಸರು ಎಲ್ಲ ಪುಸ್ತಕಗಳಲ್ಲೂ ಇದೆ. ಗಂಟು ಗಂಟಾಗಿ ಅದನ್ನು ನೇಯ್ದ ಕೈಗಳ ಹೆಸರನ್ನು ಅವನಂತೆ ಯಾರೂ ಬಾಯಿಪಾಠ ಮಾಡಿಕೊಂಡಿಲ್ಲ.

ಫಾನಿ ಅದನ್ನು ನೋಡಲು ಇರಲಿಲ್ಲ. 1892ರಲ್ಲಿ, ನಲವತ್ತಾರನೆಯ ವಯಸ್ಸಿಗೆ, ಹೆಲ್ಸಿಂಕಿಯಲ್ಲಿ ತೀರಿಕೊಂಡಳು. 1906ರಲ್ಲಿ ಯೂರೋಪಿನಲ್ಲೇ ಮೊದಲಾಗಿ ಆಕೆಯ ದೇಶದ ಹೆಂಗಸರಿಗೆ ಮತದಾನದ ಹಕ್ಕು ಬಂತು. ಮರುವರ್ಷದ ಚುನಾವಣೆಯಲ್ಲಿ ಹತ್ತೊಂಬತ್ತು ಮಂದಿ ಹೆಂಗಸರು ಶಾಸನಸಭೆಗೆ ಆರಿಸಿ ಬಂದರು. ಆಗಲೂ ಫಾನಿಯ ಪಟಗಳನ್ನು ಕೇಳುವವರು ಕಡಿಮೆ. 1919ರಲ್ಲಿ ಹೆಲ್ಸಿಂಕಿಯಲ್ಲಿ ಆಕೆಯ ಚಿತ್ರಗಳ ಪ್ರದರ್ಶನ ನಡೆಯಿತು. ಅಷ್ಟು ಹೊತ್ತಿಗೆ ಹೊಸ ತಲೆಮಾರಿನ ಚಿತ್ರಕಾರರು ದಪ್ಪ ಬಣ್ಣ, ಬಿರುಸು ಗೆರೆಗಳಿಗೆ ಜನರ ಕಣ್ಣನ್ನು ಪಳಗಿಸಿದ್ದರು. ಒರಟೆಂದು ಹಿಂದಿನವರು ತಳ್ಳಿದ್ದ ಅದೇ ಪಟಗಳ ಮುಂದೆ ಈಗ ಜನ ನಿಂತು ನೋಡಿದರು. ಬರೆದವಳು ಸತ್ತು ಇಪ್ಪತ್ತೇಳು ವರ್ಷಗಳಾಗಿದ್ದವು.